ವುಲ್ವರ್‌ಹ್ಯಾಂಪ್ಟನ್ನಿಗೆ ಬಂದ ಮರದ ಕುದುರೆ

ಫಾಲೋಫೀಲ್ಡ್, ಮ್ಯಾಂಚೆಸ್ಟರ್
6 ಅಕ್ಟೋಬರ್ 2024

ಪ್ರೀತಿಯ ನಿಹಾರಿಕಕ್ಕ,

ಅಂಚೆಚೀಟಿ ಇದೆಯಾ ಎಂದು ಕೇಳಿದ್ದಕ್ಕೆ ಅಂಗಡಿಯವನು ನನ್ನನ್ನು ಯಾವುದೋ ಕಾಲದ ಅಜ್ಜಿಯನ್ನು ನೋಡಿದ ಹಾಗೆ ನೋಡಿದ. ಫೋನ್ ಬೇಡ, ವಾಟ್ಸಾಪ್ ಬೇಡ, ಕಾಗದ ಬರಿ, ಅದೂ ಕನ್ನಡದಲ್ಲೇ ಬರಿ ಎಂದು ನಿನ್ನ ಅಪ್ಪಣೆ. ಅಪ್ಪ ಇದ್ದಿದ್ದರೆ ಕುಣಿದಾಡುತ್ತಿದ್ದರು. ಮದುವೆಯಾಗಿ ವುಲ್ವರ್‌ಹ್ಯಾಂಪ್ಟನ್ನಿಗೆ ಬಂದು ಎರಡು ವರ್ಷಕ್ಕೇ ದಾವಣಗೆರೆ ಇಷ್ಟು ಕಾಡುತ್ತದೆಂದು ನನಗೆ ಗೊತ್ತಿರಲಿಲ್ಲ. ಆಗಲಿ, ದೊಡ್ಡ ಆಸ್ಪತ್ರೆಯಲ್ಲಿ ಜನರಿಗೆ ಅರಿವಳಿಕೆ ಕೊಟ್ಟು ಮಲಗಿಸುವ ಡಾಕ್ಟರಮ್ಮನಿಗೆ ನನ್ನ ಕಾಗದವೇ ನಿದ್ದೆ ತರಿಸಲಿ.

ನನ್ನ ಪಿಎಚ್.ಡಿ ಯಾವುದರ ಮೇಲೆ ಎಂದು ಅಮ್ಮ ಪ್ರತಿ ವಾರ ಕೇಳುತ್ತಾಳೆ, ಪ್ರತಿ ವಾರ ಮರೆಯುತ್ತಾಳೆ. ನೀನಾದರೂ ನೆನಪಿಟ್ಟುಕೋ. ಹದಿನೆಂಟನೇ ಶತಮಾನದ ಕೊನೆಯ ವೇಲ್ಸ್. ಫ್ರಾನ್ಸಿನೊಂದಿಗೆ ಯುದ್ಧ, ಬಾರ್ಲಿಯ ಬೆಲೆ ಗಗನಕ್ಕೆ, ಜಮೀನ್ದಾರರೇ ಮ್ಯಾಜಿಸ್ಟ್ರೇಟರು. ಪೊಲೀಸ್ ಎಂಬುದೇ ಇಲ್ಲ. ಹೆಂಡತಿಗೆ ಹೊಡೆಯುವವನನ್ನು, ಹಾದರ ಮಾಡಿದವನನ್ನು ಊರೇ ಸೇರಿ ವಿಚಾರಿಸಿಕೊಳ್ಳುತ್ತಿತ್ತು. ಆ ಪದ್ಧತಿಗೆ ಅವರು ಇಟ್ಟ ಹೆಸರು ‘ಮರದ ಕುದುರೆ’.

ನನಗೆ ಸಿಕ್ಕಿರುವ ಪ್ರಕರಣ ಕೇಳು. 1796, ಕಾರ್ಡಿಗನ್‌ಶೈರಿನ ಒಂದು ಹಳ್ಳಿ. ಇವಾನ್ ಎಂಬ ಕಮ್ಮಾರ ಹೆಂಡತಿ ಗ್ವೆನ್‌ಳನ್ನು ಬಡಿಯುತ್ತಿದ್ದ. ಒಂದು ದಿನ ಊರ ಗಂಡಸರು ಮುಖಕ್ಕೆ ಮಸಿ ಬಳಿದುಕೊಂಡು, ಹೆಂಗಸರ ಲಂಗ ತೊಟ್ಟು, ಕೊಂಬು ಊದುತ್ತಾ, ತಗಡು ಬಡಿಯುತ್ತಾ ಬಂದರು. ಇವಾನನನ್ನು ಎಳೆದು ಒಂದು ಮರದ ತೊಲೆಯ ಮೇಲೆ ಕೂರಿಸಿ ಕಟ್ಟಿದರು. ಊರೆಲ್ಲ ಮೆರವಣಿಗೆ. ದಾರಿಯುದ್ದಕ್ಕೂ ಕೊಳೆತ ಮೊಟ್ಟೆ, ಸಗಣಿ, ಕಲ್ಲು. ಕೊನೆಗೆ ಹೊಳೆಗೆ ಎಸೆದರು, ಭುಜದ ಮೂಳೆ ಮುರಿಯಿತು. ಓದುವಾಗ ನನಗೆ ಎಷ್ಟು ಖುಷಿಯಾಯಿತು ಅಂದರೆ ಲೈಬ್ರರಿಯಲ್ಲೇ ಶಿಳ್ಳೆ ಹೊಡೆಯೋಣ ಅನ್ನಿಸಿತು.

ಭಾವನಿಗೂ ನಿನ್ನ ಅತ್ತೆ ಚಂದ್ರಪ್ರಭಾ ಆಂಟಿಗೂ ನನ್ನ ನಮಸ್ಕಾರ.

ನಿನ್ನ
ಪೂಜಿತಾ


ವುಲ್ವರ್‌ಹ್ಯಾಂಪ್ಟನ್
20 ಅಕ್ಟೋಬರ್ 2024

ಪೂಜಿ,

ಅಕ್ಷರ ವಕ್ರವಾಗಿದ್ದರೆ ಬೈಯಬೇಡ. ಬಲ ಮಣಿಕಟ್ಟಿಗೆ ಪಟ್ಟಿ ಹಾಕಿದೆ. ಕಾರಿನ ಬಾಗಿಲು.

ಕಾಗದವನ್ನು ಮನೆಗೇ ಕಳಿಸು. ಆಸ್ಪತ್ರೆಗೆ ಬಂದರೆ, ಅಲ್ಲಿಗೆ ಯಾಕೆ ಎಂಬ ಪ್ರಶ್ನೆ ಹುಟ್ಟುತ್ತದೆ. ಮನೆಗೆ ಬಂದರೆ ಅದು ತಂಗಿಯ ಕಾಗದ, ಅಷ್ಟೆ. ನಿನ್ನ ಭಾವ ಚಿರಾಗ್ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ಇಲ್ಲೇ ಹುಟ್ಟಿ ಬೆಳೆದವನು, ಕನ್ನಡ ಮಾತಾಡಿದರೆ ತಿಳಿಯುತ್ತದೆ, ಅಕ್ಷರ ಬಾರದು. “ಲುಕ್ಸ್ ಲೈಕ್ ಜಿಲೇಬಿ” ಎಂದು ನಕ್ಕು ಕೊಟ್ಟ. ಫೋನ್ ಹಾಗಲ್ಲ, ಎಲ್ಲರ ಕೈಗೂ ಸಿಗುತ್ತದೆ.

ಅತ್ತೆ ಆರಾಮ. ಬಡಾವಣೆಯ ಜಿಪಿ ಡಾಕ್ಟರ ಕೆಲಸದಿಂದ ನಿವೃತ್ತರಾದ ಮೇಲೂ ಬೀದಿಯವರೆಲ್ಲ ಅವರ ಹತ್ತಿರವೇ ಗಂಟಲು ತೋರಿಸಲು ಬರುತ್ತಾರೆ. ಮನೆ ಅವರದು, ಅಡುಗೆಮನೆಯೂ ಅವರದೇ. ನನಗೆ ಅದರಲ್ಲಿ ಬೇಸರವಿಲ್ಲ.

ನಿನ್ನ ಕಮ್ಮಾರನ ಕಥೆ ಎರಡು ಸಲ ಓದಿದೆ. ಒಂದು ಮಾತು ಬಿಟ್ಟಿದ್ದೀಯ. ಅವನನ್ನು ಹೊಳೆಗೆ ಎಸೆದು ಜನ ಮನೆಗೆ ಹೋದರು ಸರಿ. ಅವನೂ ಮನೆಗೆ ಹೋದನಲ್ಲ? ಅಲ್ಲಿ ಗ್ವೆನ್ ಇದ್ದಳಲ್ಲ? ಆಮೇಲೆ ಏನಾಯಿತು? ಗೊತ್ತಿದ್ದರೆ ಬರಿ.

ನಿಹಾರಿಕಾ


ಫಾಲೋಫೀಲ್ಡ್
3 ನವೆಂಬರ್ 2024

ಅಕ್ಕ,

ಕಾರಿನ ಬಾಗಿಲಿಗೆ ಕೈ ಕೊಟ್ಟ ಡಾಕ್ಟರನ್ನು ನಿನ್ನನ್ನೇ ನೋಡಿದ್ದು! ಆದರೆ ನೀನು ಕೇಳಿದ್ದು ನನ್ನ ಗೈಡ್ ಕೂಡ ಕೇಳದ ಪ್ರಶ್ನೆ. ಇತಿಹಾಸ ಓದಬೇಕಾಗಿದ್ದವಳು ನೀನು, ಸುಮ್ಮನೆ ಮೆಡಿಕಲ್ ಸೇರಿದೆ.

ಗ್ವೆನ್‌ಗೆ ಏನಾಯಿತೆಂದು ನನಗಿನ್ನೂ ಗೊತ್ತಿಲ್ಲ. ಇವಾನ್ ಊರವರ ಮೇಲೆ ದೂರು ಕೊಟ್ಟ, ಕೋರ್ಟಿನಲ್ಲಿ ಗ್ವೆನ್‌ಳನ್ನೂ ಕರೆಸಿದರು, ಅಲ್ಲಿಯವರೆಗೆ ಬಂದಿದ್ದೇನೆ. ಅಲ್ಲಿ ತಮಾಷೆ ನೋಡು. ಊರಲ್ಲಿ ಎಲ್ಲರೂ ಆಡುವುದು ವೆಲ್ಷ್, ಕೋರ್ಟು ನಡೆಯುವುದು ಇಂಗ್ಲಿಷಿನಲ್ಲಿ. ಗ್ವೆನ್‌ಗೆ ಇಂಗ್ಲಿಷಿನ ಗಂಧವಿಲ್ಲ. ನಡುವೆ ಅನುವಾದಕ ಒಬ್ಬ, ಅವನು ಇವಾನನ ಸೋದರಸಂಬಂಧಿ. ಅವಳು ಅಳುತ್ತಾ ಬಹಳ ಹೊತ್ತು ಮಾತಾಡಿದಳೆಂದು ಗುಮಾಸ್ತ ಬರೆದಿದ್ದಾನೆ. ಹೇಳಿಕೆ ಮಾತ್ರ ಒಂದೇ ಸಾಲು: ‘ತನಗೆ ಗಂಡನ ಮೇಲೆ ದೂರಿಲ್ಲವೆಂದು ಹೇಳುತ್ತಾಳೆ.’ ಉಳಿದದ್ದೆಲ್ಲ ಆ ಪುಣ್ಯಾತ್ಮನ ಬಾಯಲ್ಲೇ ಉಳಿದುಹೋಯಿತು.

ಭಾವ ದೀಪಾವಳಿ ಕಾರ್ಯಕ್ರಮ ನಡೆಸಿಕೊಟ್ಟ ವಿಡಿಯೋವನ್ನು ನಿಮ್ಮೂರ ಕನ್ನಡ ಬಳಗದ ಸಮೀಕ್ಷಾ ಕಳಿಸಿದ್ದರು. ಎಷ್ಟು ನಗಿಸುತ್ತಾರೆ! ಅದರಲ್ಲಿ ನೀನು ಎಲ್ಲೂ ಕಾಣಲಿಲ್ಲ. ಹೋದ ವಾರ ಫೋನಿನಲ್ಲಿ ನಿನ್ನ ದನಿಯೂ ಸರಿಯಿರಲಿಲ್ಲ. ಭಾವನ ಜೊತೆ ಜಗಳವಾ? ಆಡಿದರೆ ಆಡು, ಬಾಯಿಮಾತಿನಲ್ಲಿ ನಿನ್ನನ್ನು ಗೆದ್ದವರನ್ನು ನಾನು ಕಂಡಿಲ್ಲ. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ. ಮುಂದಿನ ತಿಂಗಳು ಬಂದು ಇಬ್ಬರಿಗೂ ಪಂಚಾಯ್ತಿ ಮಾಡುತ್ತೇನೆ.

ಪೂಜಿ


ವುಲ್ವರ್‌ಹ್ಯಾಂಪ್ಟನ್
1 ಡಿಸೆಂಬರ್ 2024

ಪೂಜಿ,

ಬರಬೇಡ. ಇದನ್ನು ನಿಧಾನವಾಗಿ ಓದು.

ನಿನ್ನ ಕಳೆದ ಕಾಗದವನ್ನು ಚಿರಾಗ್ ಒಡೆದ. ಅವರಮ್ಮನ ಕೈಗೆ ಕೊಟ್ಟು, “ರೀಡ್ ಇಟ್, ಎವ್ರಿ ವರ್ಡ್” ಅಂದ. ನಾನು ಒಲೆಯ ಹತ್ತಿರ ಸಾರು ತಿರುಗಿಸುತ್ತಿದ್ದೆ. ಅತ್ತೆ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದರು. “ವೇಲ್ಸಲ್ಲಿ ತುಂಬ ಚಳಿಯಂತೆ. ಆಗ ಬಾರ್ಲಿ ದುಬಾರಿಯಾಗಿತ್ತಂತೆ. ಕೋರ್ಟಲ್ಲೆಲ್ಲ ಇಂಗ್ಲಿಷಂತೆ. ದೀಪಾವಳೀಲಿ ನೀನು ತುಂಬ ಚೆನ್ನಾಗಿ ಮಾತಾಡ್ದೆ ಅಂತ ಬರ್ದಿದಾಳೆ.” ಜಗಳದ ಮಾತು ಬಂದ ಜಾಗದಲ್ಲಿ ಅವರ ಕಣ್ಣು ನಿಂತಿತು, ಬಾಯಿ ನಿಲ್ಲಲಿಲ್ಲ. ನಿನ್ನ ಮೊದಲ ಕಾಗದದಲ್ಲಿದ್ದ ಬಾರ್ಲಿಯ ಬೆಲೆಯನ್ನು ಇನ್ನೊಂದು ಸಲ ಹೇಳಿ ಕಾಗದ ಮಡಚಿದರು. ಚಿರಾಗ್‌ಗೆ ಬೇಸರವಾಗಿ ಎದ್ದುಹೋದ. ಅತ್ತೆ ನನ್ನನ್ನು ನೋಡಿದರು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಅವರಿಗೆ ಮೊದಲಿನಿಂದಲೂ ಎಲ್ಲ ಗೊತ್ತಿತ್ತೆಂದು ನನಗೆ ಆಗ ತಿಳಿಯಿತು.

ಅದು ಕಾರಿನ ಬಾಗಿಲಲ್ಲ. ನಾನು ಆಪರೇಷನ್ ಥಿಯೇಟರಿನಲ್ಲಿ ಅರ್ಧ ತೋಳಿನ ಬಟ್ಟೆ ಹಾಕುತ್ತೇನೆ, ಅದಕ್ಕೇ ಅವನು ಕೈಗೆ ಹೊಡೆಯುವುದಿಲ್ಲ. ಪಕ್ಕೆಲುಬು, ತೊಡೆ, ತಲೆಗೂದಲಿನ ಒಳಗೆ. ಆವತ್ತು ಫೋನ್ ಕಿತ್ತುಕೊಳ್ಳುವಾಗ ಅಡುಗೆಮನೆಯ ಬಾಗಿಲ ಸಂದಿಗೆ ನನ್ನ ಕೈ ಇಟ್ಟು ಒದ್ದ. ಆಮೇಲೆ ತಾನೇ ಅತ್ತು, ತಾನೇ ಕಾರಿನಲ್ಲಿ ಕೂರಿಸಿಕೊಂಡು ಎಕ್ಸ್‌ರೇಗೆ ಕರೆದೊಯ್ದ. ದಿನಾ ಎಷ್ಟೋ ಹೆಂಗಸರನ್ನು ನಾನು ಕೇಳುತ್ತೇನೆ, “ಮನೆಯಲ್ಲಿ ನೀವು ಸುರಕ್ಷಿತವಾಗಿದ್ದೀರಾ?” ಎಂದು. ಅವತ್ತು ನನ್ನನ್ನು ನರ್ಸ್ ಕೇಳಿದಳು. ಪಕ್ಕದಲ್ಲಿ ಅವನು ನನ್ನ ಬ್ಯಾಗ್ ಹಿಡಿದುಕೊಂಡು ಕೂತಿದ್ದ.

ಈಗಲೇ ಹೊರಟುಬಿಡು ಎನ್ನುತ್ತೀಯ. ನನ್ನ ವೀಸಾ ಅವನ ಹೆಂಡತಿಯೆಂಬ ಹೆಸರಿನ ಮೇಲಿದೆ. ಪಾಸ್‌ಪೋರ್ಟ್ ಅವನ ಲಾಕರಿನಲ್ಲಿದೆ. ಲೀಡ್ಸಿನಲ್ಲಿ ಒಂದು ಆಸ್ಪತ್ರೆ ನನಗೆ ಮಾರ್ಚ್‌ನಿಂದ ಕೆಲಸ ಕೊಟ್ಟಿದೆ, ವೀಸಾವನ್ನೂ ಅವರೇ ನನ್ನ ಹೆಸರಿನಲ್ಲಿ ಮಾಡಿಸುತ್ತಿದ್ದಾರೆ. ಒಂದು ಬೆಳಿಗ್ಗೆ ಅವನು ಎಂದಿನಂತೆ ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋಗುತ್ತಾನೆ, ನಾನು ಇನ್ನೊಂದು ಬಾಗಿಲಿನಿಂದ ಸ್ಟೇಷನ್ನಿಗೆ ಹೋಗುತ್ತೇನೆ. ಅಷ್ಟೇ ನನ್ನ ಉಪಾಯ. ಅಲ್ಲಿಯವರೆಗೆ ಈ ಮನೆಯಲ್ಲಿ ಸದ್ದಾಗಬಾರದು. ಅಮ್ಮನಿಗೆ ಹೇಳಬೇಡ. ಯಾರಿಗೂ ಹೇಳಬೇಡ. ಈ ಕಾಗದಕ್ಕೆ ಉತ್ತರವನ್ನೂ ಬರೆಯಬೇಡ.

ನಿಹಾರಿಕಾ


ಫಾಲೋಫೀಲ್ಡ್
19 ಜನವರಿ 2025

ನನ್ನಕ್ಕ,

ನೀನು ಸುಮ್ಮನಿರು ಅಂದೆ. ಡಿಸೆಂಬರ್ ಪೂರ್ತಿ ಹಲ್ಲುಕಚ್ಚಿಕೊಂಡಿದ್ದೆ. ಅನ್ನ ಇಳಿಯಲಿಲ್ಲ, ಓದು ಹತ್ತಲಿಲ್ಲ. ಕೊನೆಗೆ ಸಮೀಕ್ಷಾ ಅವರಿಗೆ ಹೇಳಿಬಿಟ್ಟೆ. ಅವರು ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. “ಅವ್ನಾ? ನಮ್ ಸ್ಟೇಜ್ ಮೇಲೆ ನಿಂತ್ಕೊಂಡು ಸ್ತ್ರೀಶಕ್ತಿ ಬಗ್ಗೆ ಭಾಷಣ ಮಾಡ್ದೋನು? ಸಂಕ್ರಾಂತಿ ಬರ್ಲಿ ತಡಿ.”

ನಿನ್ನೆ ನೀನು ಮೇಲಿನ ಕಿಟಕಿಯಿಂದ ಎಲ್ಲ ನೋಡಿದೆ. ಆದರೂ ಬರೆಯದೆ ಇರಲಾರೆ. ಬಳಗದ ಸಂಕ್ರಾಂತಿಗೆ ಸೇರಿದ್ದ ಹೆಂಗಸರೆಲ್ಲ ರೇಷ್ಮೆಸೀರೆಯಲ್ಲೇ ಹೊರಟರು. ಕೈಯಲ್ಲಿ ಎಳ್ಳುಬೆಲ್ಲದ ತಟ್ಟೆ, ಸೆರಗಿನ ಕೆಳಗೆ ಹಾಲ್‌ನ ಅಡುಗೆಮನೆಯ ಸೌಟು. ಎಳ್ಳು ಬೀರಲು ಹೊರಟ ಮುತ್ತೈದೆಯರನ್ನು ಯಾರು ತಡೆದಾರು? ಆಂಟಿ ಕುಂಕುಮದ ಬಟ್ಟಲು ಹಿಡಿದೇ ಬಾಗಿಲು ತೆಗೆದರು. ಸಮೀಕ್ಷಾ ಅಂದರು, “ಎಳ್ಳು ಬೀರೋಕೆ ಬಂದಿದೀವಿ ಆಂಟಿ. ನಿಮ್ಮ ಮಗನ್ನ ಕರೀರಿ, ಅವ್ರ ಬಾಯಲ್ಲಿ ಒಂದಿಷ್ಟು ಒಳ್ಳೇ ಮಾತು ಕೇಳಣ.”

ಅವನು ನಗುತ್ತಾ ಬಂದ. ಇಬ್ಬರು ಅವನ ಕಾಲರ್ ಹಿಡಿದು ಫುಟ್‌ಪಾತಿಗೆ ಎಳೆದರು. ಆಮೇಲೆ ತಟ್ಟೆಗಳ ಸದ್ದು, ಅಬ್ಬಾ, ಬೀದಿಯ ಎಲ್ಲ ಕಿಟಕಿಗಳೂ ತೆರೆದವು. ಯಾರದೋ ಸೌಟು ಅವನ ಬಾಯಿಗೆ ಬಿತ್ತು, ತುಟಿ ಸೀಳಿತು. ಪೊರಕೆಗೆ ದಿಂಬು ಕಟ್ಟಿ ನಾನೇ ಮಾಡಿ ತಂದಿದ್ದ ಕುದುರೆಯನ್ನು ಅವನ ಕಾಲಸಂದಿಗೆ ತುರುಕಿದೆವು. ಬಿದ್ದವನ ಬೆನ್ನಿಗೆ ಬಡಿದೆವು. ಎಲ್ಲಿಂದಲೋ ಒಂದು ಕಲ್ಲು ಹಾರಿ ಕೆಳಗಿನ ಕಿಟಕಿಯ ಗಾಜೂ ಹೋಯಿತು. ನಾನು ತಟ್ಟೆಯ ಅಂಚಿನಿಂದ ಅವನ ಹಣೆಗೆ ಹೊಡೆದೆ ಅಕ್ಕ, ರಕ್ತ ಬಂತು, ನನಗೆ ಸ್ವಲ್ಪವೂ ಕನಿಕರ ಬರಲಿಲ್ಲ. “ಮಾರ್ಚಲ್ಲಿ ನಮ್ಮಕ್ಕ ಲೀಡ್ಸಿಗೆ ಹೋಗ್ತಾಳೆ, ನೀನು ಇಲ್ಲಿ ಒಬ್ನೇ ಕೊಳೀತಾ ಬಿದ್ದಿರು!” ಅಂದೆ. ಮಂಡಿಯೂರಿ ಕೈಮುಗಿದ. “ಸಾರಿ, ಸಾರಿ, ಎಲ್ಲಾರ್ಗೂ ಸಾರಿ” ಅಂದ.

ನಾನು ತಲೆಯೆತ್ತಿದಾಗ ನೀನು ಕಿಟಕಿಯಲ್ಲಿ ಕೈ ಎತ್ತಿದ್ದೆ. ಆ ಕೈ ನೋಡಿ ನನಗೆ ಅಳು ಬಂತು. ಹಾಲ್‌ನಲ್ಲಿ ಹುಗ್ಗಿ ಆರುತ್ತಿತ್ತು, ಗಂಡಸರು ನಿಲ್ಲಿಸಬಾರದ ಹಳದಿ ಗೆರೆಯ ಮೇಲೆ ಕಾರು ನಿಲ್ಲಿಸಿಕೊಂಡು ಹಾರ್ನ್ ಹೊಡೆಯುತ್ತಿದ್ದರು. ಎಲ್ಲರೂ ಊಟಕ್ಕೆ ಹೊರಟೆವು. ಇನ್ನು ಅವನು ನಿನ್ನ ಮೇಲೆ ಕೈ ಎತ್ತಲಾರ. ಈ ಕಾಗದವನ್ನು ಅವನಿಗೇ ಓದಿ ಹೇಳಿದರೂ ನನಗೆ ಭಯವಿಲ್ಲ.

ನಿನ್ನ
ಪೂಜಿ


(ಊರು ಬರೆಯುವಂತಿಲ್ಲ)
2 ಫೆಬ್ರುವರಿ 2025

ಪೂಜಿತಾ,

ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಕೇಸ್ ನೋಡುತ್ತಿರುವ ಪೊಲೀಸ್ ಅಧಿಕಾರಿಯ ಕೈಯಲ್ಲಿ ಕಳಿಸುತ್ತೇನೆ. ಅತ್ತೆ ನಿನ್ನ ಕಾಗದವನ್ನು ಅವರ ಮೂಲಕವೇ ತಲುಪಿಸಿದರು. ಅದನ್ನು ನೀನು ಬರೆಯುವ ಹೊತ್ತಿಗೆ ನಾನು ಆಪರೇಷನ್ ಟೇಬಲ್ ಮೇಲಿದ್ದೆ.

ನಾನು ಕೈ ಎತ್ತಿದ್ದು ನಿಲ್ಲಿಸಿ ಎನ್ನಲು. ಹೋಗಬೇಡಿ ಎಂದೂ ಕೂಗಿದೆ. ನಿಮ್ಮ ತಟ್ಟೆಗಳ ಸದ್ದಿನಲ್ಲಿ ಕೇಳಿಸಲಿಲ್ಲ.

ನೀವು ಹೋದ ಮೇಲೆ ಅವನು ಮುಖ ತೊಳೆದ. ಒಡೆದ ಕಿಟಕಿಯ ಪರದೆ ಎಳೆದ. ಮುಂಬಾಗಿಲಿಗೆ ಚಿಲಕ ಹಾಕಿದ. ಅವನು ಕೂಗಾಡಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. “ಬೇಡ ಕಣೋ ಚಿರಾಗ್” ಎಂದು ಅಡ್ಡ ಬಂದ ಅತ್ತೆಯನ್ನು ಕೆಳಗಿನ ಟಾಯ್ಲೆಟ್ಟಿಗೆ ನೂಕಿ, ಬಾಗಿಲಿಗೆ ಸೋಫಾ ಅಡ್ಡ ಇಟ್ಟ. ನಿಮ್ಮಲ್ಲಿ ಯಾರೋ ಹೊಸ್ತಿಲ ಮೇಲೆ ಒಂದು ತಟ್ಟೆ ಮರೆತು ಹೋಗಿದ್ದರು. ಅದನ್ನು ತೆಗೆದುಕೊಂಡು ಮೇಲೆ ಬಂದ. “ಲೀಡ್ಸ್?” ಅಂದ. ಅದೊಂದೇ ಪ್ರಶ್ನೆ. ತಟ್ಟೆ ಬಗ್ಗಿಹೋಗುವವರೆಗೆ ಹೊಡೆದ. ದವಡೆ ಮುರಿಯಿತು, ವಾಸಿಯಾಗಿದ್ದ ಮಣಿಕಟ್ಟು ಮತ್ತೆ ಮುರಿಯಿತು. ಹೊಟ್ಟೆಗೆ ಒದ್ದ. ಗುಲ್ಮ, ಅಂದರೆ ಸ್ಪ್ಲೀನ್, ಒಡೆದು ಒಳಗೇ ರಕ್ತ ಸುರಿಯಿತು, ಈಗ ಅದನ್ನು ತೆಗೆದುಹಾಕಿದ್ದಾರೆ. ಕೊನೆಗೆ ಕತ್ತು ಹಿಸುಕಿದ. ಮನುಷ್ಯರಿಗೆ ಪ್ರಜ್ಞೆ ಹೋಗುವುದನ್ನು ದಿನಾ ನೋಡುವವಳು ನಾನು. ಯಾವಾಗ ಹೋಗುತ್ತದೆಂದು ಲೆಕ್ಕ ಹಾಕುತ್ತಲೇ ಇದ್ದೆ. ಸಾಯುತ್ತೇನೆ ಎಂದು ಖಾತ್ರಿಯಾಗಿತ್ತು.

ಅತ್ತೆ ಟಾಯ್ಲೆಟ್ಟಿನ ಗಾಜನ್ನು ಮುಷ್ಟಿಯಲ್ಲೇ ಒಡೆದು ಕಿರುಚಿದರಂತೆ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಬರೀ ಕನ್ನಡ. ಪಕ್ಕದ ಮನೆಯ ಪಂಜಾಬಿ ಯಜಮಾನರು ಕೇಳಿ, ಬಾಗಿಲು ಒಡೆಯಲು ಇಬ್ಬರು ಮಕ್ಕಳನ್ನು ಕಳಿಸಿ ತಾವು ಪೊಲೀಸರನ್ನು ಕರೆದರು. ಹಾಗಾಗಿ ಬದುಕಿದ್ದೇನೆ.

ನಿನ್ನ ಮೇಲೆ ಸಿಟ್ಟಿದೆ. ಬಹಳ ಇದೆ. ಯಾವತ್ತು ಇಳಿಯುತ್ತದೋ ಗೊತ್ತಿಲ್ಲ.

ಹದಿಮೂರಕ್ಕೆ ಅವನ ಜಾಮೀನಿನ ಅರ್ಜಿ ಬರುತ್ತದೆ. ಅಮ್ಮನ ಮನೆಯಲ್ಲಿರುತ್ತೇನೆ, ಬಿಡಿ ಎಂದು ಕೇಳಿದ್ದಾನಂತೆ. ಬಿಟ್ಟರೆ ನಾನು ಲೀಡ್ಸಿಗೆ ಹೋಗುವಂತಿಲ್ಲ. ಆ ಊರಿನ ಹೆಸರನ್ನು ಅವನಿಗೆ ಹೇಳಿಕೊಟ್ಟವಳು ನೀನು. ಬಿಡದಿದ್ದರೆ, ವಿಚಾರಣೆ ಮುಗಿಯುವವರೆಗಾದರೂ ಉಸಿರಾಡಿಕೊಂಡು ಕೆಲಸ ಮಾಡುತ್ತೇನೆ, ವೀಸಾನೂ ಉಳಿಯುತ್ತದೆ. ಎಲ್ಲವೂ ಆ ಒಂದು ದಿನದ ಮೇಲೆ ನಿಂತಿದೆ. ನೀನು ಹೋಗು. ಬಾಯಿ ಬಿಡಬೇಡ. ಆಮೇಲೆ ಏನಾಯಿತೆಂದು ಇದ್ದದ್ದು ಇದ್ದ ಹಾಗೆ ಬರಿ.

ನಿಹಾರಿಕಾ


ಫಾಲೋಫೀಲ್ಡ್
16 ಫೆಬ್ರುವರಿ 2025

ಅಕ್ಕ,

ಮೊದಲು ಅದನ್ನೇ ಹೇಳುತ್ತೇನೆ: ಅವನಿಗೆ ಜಾಮೀನು ಸಿಗಲಿಲ್ಲ. ನೀನು ಲೀಡ್ಸಿಗೆ ಹೋಗಬಹುದು.

ನಿನ್ನ ಕಾಗದ ಬಂದ ಮೇಲೆ ನಾನು ವೇಲ್ಸಿನ ಆಬರಿಸ್ಟ್ವಿತ್ ಗ್ರಂಥಾಲಯಕ್ಕೆ ಹೋಗಿ ಉಳಿದ ಕಡತಗಳನ್ನು ನೋಡಿದೆ. ನಿನ್ನ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಕೋರ್ಟಿನಿಂದ ಮನೆಗೆ ಹೋದ ವಾರವೇ ಗ್ವೆನ್ ಸತ್ತಳು. ತಲೆಬುರುಡೆ ಒಡೆದಿತ್ತು. ಹೆಣ ನೋಡಿ ತೀರ್ಪು ಕೊಡಲು ಕೂತ ಪಂಚರಲ್ಲಿ ಕೆಲವರು ಅವತ್ತು ತೊಲೆಗೆ ಹೆಗಲು ಕೊಟ್ಟವರೇ. ‘ದೈವೇಚ್ಛೆಯಿಂದ ಸಾವು’ ಎಂದು ರುಜು ಹಾಕಿದ್ದಾರೆ. ನಾನು ಶಿಳ್ಳೆ ಹೊಡೆಯೋಣ ಅಂದುಕೊಂಡದ್ದು ಇವರಿಗೆ. ನಿನ್ನ ಪ್ರಶ್ನೆಯನ್ನು ನಾನು ಥೀಸಿಸ್‌ಗೆ ಒಳ್ಳೆಯ ಅಧ್ಯಾಯ ಎಂದುಕೊಂಡೆ. ನೀನು ಕೇಳಿದ್ದು ನಿನ್ನ ವಿಷಯವೆಂದು ನನ್ನ ತಲೆಗೆ ಹೊಳೆಯಲಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಕೋರ್ಟಿಗೆ ಬಳಗದಿಂದ ಯಾರೂ ಬರಲಿಲ್ಲ. ಸಮೀಕ್ಷಾಗೆ ಫೋನ್ ಮಾಡಿದರೆ, “ನಮ್ಮನೆಯವ್ರ ಕೆಲ್ಸದ್ ಪ್ರಶ್ನೆ ಇದೆ ಕಣಮ್ಮ, ಪೊಲೀಸ್ ಗಿಲೀಸ್ ಅಂದ್ರೆ ಕಷ್ಟ” ಎಂದು ಇಟ್ಟುಬಿಟ್ಟರು. ಗ್ಯಾಲರಿಯಲ್ಲಿ ನಾನೊಬ್ಬಳೇ ಕೂತಿದ್ದೆ. ಮುಂದಿನ ಸಾಲಿನಲ್ಲಿ ಆಂಟಿ, ಬಲಗೈ ತುಂಬ ಪಟ್ಟಿ.

ಅವನ ವಕೀಲ ಬೀದಿಯವರು ಹಿಡಿದ ವಿಡಿಯೋ ಹಾಕಿಸಿದ. ನೋಡಿ, ನನ್ನ ಕಕ್ಷಿದಾರನ ಮೇಲೆ ಗುಂಪು ಹಲ್ಲೆ ಮಾಡಿದೆ, ಆ ಆಘಾತದಲ್ಲಿ ಮತಿಗೆಟ್ಟು ನಡೆದದ್ದಿದು ಎಂದ. ಪರದೆಯ ಮೇಲೆ ನಾನು ತಟ್ಟೆ ಬೀಸುತ್ತಿದ್ದೆ. ಜಡ್ಜ್ ನನ್ನ ಮುಖವನ್ನೂ ಪರದೆಯನ್ನೂ ನೋಡಿದರು. ಆಮೇಲೆ ವಕೀಲ, ಇವರ ತಾಯಿ ಊರಿಗೆ ಬೇಕಾದ ಡಾಕ್ಟರು, ಅವರೇ ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಾರೆ ಎಂದ. ಜಡ್ಜ್ ಆಂಟಿಯನ್ನು ಕಟಕಟೆಗೆ ಕರೆದು, ಇದು ನಿಮಗೆ ಒಪ್ಪಿಗೆಯೇ ಎಂದು ಕೇಳಿದರು.

ಆಂಟಿ ಕಟಕಟೆಯ ಅಂಚು ಹಿಡಿದು ಮಗನ ಕಡೆ ನೋಡಿದರು. ಅವರು ಹೂಂ ಎನ್ನುತ್ತಾರೆಂದು ನನಗೆ ಅನ್ನಿಸಿತು ಅಕ್ಕ. ಅಷ್ಟರಲ್ಲಿ, ಆರೋಪಿಯನ್ನು ಕೂರಿಸುವ ಗಾಜಿನ ಗೋಡೆಯ ಹಿಂದಿನಿಂದ ಅವನು ಮಾತಾಡಿದ. ಕನ್ನಡದಲ್ಲಿ, ಚಿಕ್ಕ ಮಗುವಿನ ಕನ್ನಡ.

“ಹೂಂ ಅನ್ನು ಅಮ್ಮಾ. ಅವಳು ಎಲ್ಲಿದ್ರೂ ನಾನು ಹುಡುಕ್ತೀನಿ. ಈ ಸಲ ಬಿಡಲ್ಲ.”

ಅಲ್ಲಿದ್ದವರಲ್ಲಿ ಅರ್ಥವಾದದ್ದು ನಮ್ಮಿಬ್ಬರಿಗೇ. ಅವನು ಏನಂದ ಎಂದು ಜಡ್ಜ್ ಕೇಳಿದರು. ವಕೀಲ ಎದ್ದು, ಅನುವಾದಕರನ್ನು ಕರೆಸಿ ಇನ್ನೊಂದು ದಿನ ಕೇಳೋಣ ಎಂದ. ಆಂಟಿ ಎಡಗೈ ಎತ್ತಿ ಅವನನ್ನು ತಡೆದರು. ಮಗನನ್ನೇ ನೋಡುತ್ತಾ, ಅವನಂದದ್ದನ್ನು ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನಲ್ಲಿ ಹೇಳಿದರು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ. ಅವನು ಗಾಜಿಗೆ ಹಣೆ ಚಚ್ಚಿಕೊಳ್ಳುತ್ತಾ, “ಅಮ್ಮಾ! ಅಮ್ಮಾ!” ಎಂದು ಕಿರುಚಿದ. ಹಳೆಯ ಗಾಯ ಬಿಚ್ಚಿಕೊಂಡು ಗಾಜೆಲ್ಲ ರಕ್ತವಾಯಿತು. ಇಬ್ಬರು ಗಾರ್ಡುಗಳು ಕೈ ಹಿಂದಕ್ಕೆ ತಿರುಚಿ ಕೆಳಗೆ ಎಳೆದೊಯ್ದರು.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಆಂಟಿ ಕೂತಿದ್ದರು. ನಾನು ಕಾಲಿಗೆ ಬಿದ್ದೆ. ಅವರು ನನ್ನನ್ನು ಎಬ್ಬಿಸಲೂ ಇಲ್ಲ, ಬೈಯಲೂ ಇಲ್ಲ.

“ನಿಹಾರಿಕಾಗೆ ಬರೀತೀಯಲ್ಲ, ಇದನ್ನ ಬರಿ. ಅವಳು ನನ್ನನ್ನ ನೋಡೋಕೆ ಬರಕೂಡ್ದು. ಅವಳ ವಿಳಾಸ, ಫೋನು, ಯಾವ್ದೂ ನನಗೆ ಗೊತ್ತಾಗ್ಕೂಡ್ದು. ಇವತ್ತು ನಾನು ಗಟ್ಟಿ ಇದ್ದೆ. ನಾಳೆ ಜೈಲಿಂದ ಫೋನ್ ಮಾಡಿ ಅಮ್ಮಾ ಜ್ವರ ಬಂದಿದೆ ಅಂದ್ರೆ ಸಾಕು ಪೂಜಿತಾ. ಅವನು ಏನು ಕೇಳಿದ್ರೂ ಹೇಳ್ಬಿಡ್ತೀನಿ.”

ಅವರನ್ನು ಮನೆಯವರೆಗೆ ಬಿಟ್ಟು ಬಂದೆ. ಒಡೆದ ಕಿಟಕಿಗೆ ಇನ್ನೂ ಹಲಗೆಯೇ ಇದೆ.

ನನ್ನ ಬಾಯಿ ಎಂಥದೆಂದು ನಿನಗೆ ಗೊತ್ತು, ನನಗೂ ಈಗ ಗೊತ್ತು. ಲೀಡ್ಸಿನಲ್ಲಿ ಎಲ್ಲಿರುತ್ತೀಯೆಂದು ನನಗೂ ಬರೆಯಬೇಡ ಅಕ್ಕ.

ಪೂಜಿತಾ